ಬುಧವಾರದ ಪ್ಲಾಸ್ಟರ್

ಹನ್ನೆರಡು ವರ್ಷ ಮಸ್ಕತ್ತಿನ ಸೀಲಿಂಗುಗಳಿಗೆ
ಜಿಪ್ಸಂ ಬಡಿದ ಕೈ ನನ್ನದು.
ಬಕೆಟ್ಟಿಗೆ ನೀರು ಮೊದಲು, ಪುಡಿ ಆಮೇಲೆ,
ಕದಡುವುದು ಒಂದೇ ದಿಕ್ಕಿಗೆ.
ಬಿಸಿ ಏರಿತೆಂದರೆ ತಿದ್ದಲು ಇನ್ನು
ಮೂರು ನಿಮಿಷ, ಹೆಚ್ಚಿಲ್ಲ.

ಇಷ್ಟು ತಿಳಿದವನಿಗೂ
ಲಿಖಿತನ ಕಾಲಿಗೆ ಮೊದಲ ಸುತ್ತು ಬಿದ್ದಾಗ
ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಹುಟ್ಟಿ ಒಂಬತ್ತನೇ ದಿನ.
ಎಡಪಾದ ಒಳಕ್ಕೆ ಮಡಚಿ ಮೇಲಕ್ಕೆ ತಿರುಚಿ
ಬಲಪಾದಕ್ಕೆ ಏನೋ ಗುಟ್ಟು ಹೇಳುತ್ತಿರುವಂತೆ.

ಊರಿಂದ ನನ್ನ ಅಮ್ಮ, ಫೋನಿನಲ್ಲಿ, ಸೊಸೆಗೆ:
ಗ್ರಹಣದ ದಿನ ಕತ್ತಿ ಮುಟ್ಟಿದೆಯಾ?
ಮುಟ್ಟಿದೆ, ಅಂದಳು ಹರಿಣಾಕ್ಷಿ. ಅಂಜಲ್ ಕೊಯ್ದೆ.
ಮೀನು ಚೆನ್ನಾಗಿತ್ತು.
ಆಮೇಲೆ ಬಚ್ಚಲಲ್ಲಿ ನಲ್ಲಿ ಬಿಟ್ಟು
ತುಂಬ ಹೊತ್ತು ನಿಂತಳು.
ಜುಲೈಯಲ್ಲಿ ವಾದಿ ಕಬೀರಿನಲ್ಲಿ
ತಣ್ಣೀರ ನಲ್ಲಿಯಲ್ಲೂ ಬರುವುದು ಸುಡುನೀರೇ.

ಡಾಕ್ಟರ್ ಬುಸೈನಾ ನಿಜ್ವಾದವರು.
ಬಲ ಹಾಕುವುದಿಲ್ಲ. ಹೆಬ್ಬೆರಳೊಂದು
ಪಾದದ ಹೊರಬದಿಯ ಪುಟ್ಟ ಗುಬುಟಿನ ಮೇಲೆ,
ಇನ್ನೊಂದು ಕೈ ಹೆಬ್ಬೆಟ್ಟಿನ ಬುಡಕ್ಕೆ,
ಶ್ವೈಯ್ ಶ್ವೈಯ್ ಎನ್ನುತ್ತ ಹೊರಕ್ಕೆ ಹೊರಳಿಸುತ್ತಾರೆ.
ಹೇಳಿದ್ದು ಮಗುವಿಗೋ, ಮೂಳೆಗೋ, ನನಗೋ.
ಇದಿನ್ನೂ ಪೂರಾ ಮೂಳೆಯಲ್ಲ, ಎಂದರು ಹಿಂದಿಯಲ್ಲಿ,
ಮೂಳೆಯಾಗಬೇಕೆಂದಿರುವ ಮೆದು.
ಈಗಾದರೆ ಮಾತು ಕೇಳುತ್ತದೆ.

ತಿಗರಿಯ ಎದುರು ಕೂತು ನನ್ನಪ್ಪನೂ ಇದನ್ನೇ ಹೇಳಿದ್ದ:
ಹಸಿ ಇರುವಾಗ ಬೈಯಬೇಡ, ಮುಟ್ಟು.
ಒಣಗಿದ ಮೇಲೆ ಬೈದೂ ಪ್ರಯೋಜನವಿಲ್ಲ.
ಆ ಮಾತನ್ನು ಅಲ್ಲೇ ಬಿಟ್ಟು
ನಾನು ವಿಮಾನ ಹತ್ತಿದ್ದೆ.

ತೊಡೆಯವರೆಗೂ ಬಿಳಿ. ಅದರ ಮೇಲೆ ನರ್ಸ್ ಜಿಜಿಮೋಳ್
ಹಸಿರು ಮಾರ್ಕರಿನಲ್ಲಿ ತಾರೀಕು ಬರೆಯುತ್ತಾಳೆ.
ಹಣೆಬರಹ, ಎಂದು ಅಮ್ಮ ಅತ್ತಿದ್ದಳು.
ಈ ಬರಹ ನೀರಿಗೆ ಬಿಡುತ್ತದೆ ಅಮ್ಮ.

ಬುಧವಾರ ಬೆಳಿಗ್ಗೆ ಟಬ್ಬಿನ ಬೆಚ್ಚನೆ ನೀರಲ್ಲಿ
ಕಾಲು ನೆನೆಸಿ, ಪಟ್ಟಿಯ ಕೊನೆ ಹುಡುಕಿ
ಬಿಚ್ಚುವುದು ನನ್ನ ಪಾಲು.
ವಾರವಿಡೀ ಯಾರದೋ ವಿಲ್ಲಾದಲ್ಲಿ ಗಟ್ಟಿ ಮಾಡಿದ್ದು,
ಇಲ್ಲಿ ಕರಗಿಸುವುದು.
ಒಳಗಿಂದ ಬರುವ ಕಾಲು
ಸಿಪ್ಪೆ ಸುಲಿದ ಮರಗೆಣಸು, ಹುಳಿಹಾಲಿನ ವಾಸನೆ.
ಹರಿಣಾಕ್ಷಿ ಅದಕ್ಕೆ ಮೂಗೊತ್ತುತ್ತಾಳೆ.
ಟ್ಯಾಕ್ಸಿ ಬರುವವರೆಗೆ, ಅರ್ಧ ಗಂಟೆ,
ಪಾದಕ್ಕೆ ರಜೆ.

ಆರನೇ ವಾರ ಹಿಮ್ಮಡಿಯ ನರಕ್ಕೆ ಚಿಕ್ಕ ಕೊಯ್ತ.
ಬೆಂಚಿನಲ್ಲಿ ಕೂತು ಮೇಲೆ ನೋಡಿದೆ:
ಏಳನೇ ಹಲಗೆಯ ಸಂದು ಎರಡು ನೂಲು ತಪ್ಪಿದೆ.
ಯಾವನೋ ಆತುರದಲ್ಲಿ ಬಡಿದದ್ದು.
ನಾನೇ ಇರಬಹುದು.
ಈ ವಿಂಗಿನ ಕೆಲಸಕ್ಕೆ ಒಂದು ತಿಂಗಳು ಬಂದಿದ್ದೆ,
ಆಗ ಮದುವೆಯೂ ಆಗಿರಲಿಲ್ಲ.

ಈಗ ಬೂಟು. ಎರಡರ ನಡುವೆ ಅಲ್ಯೂಮಿನಿಯಂ ಸರಳು.
ಮೂರು ತಿಂಗಳು ಹಗಲೂ ರಾತ್ರಿ, ಆಮೇಲೆ
ನಾಲ್ಕು ತುಂಬುವವರೆಗೆ ನಿದ್ದೆಯಲ್ಲಿ ಮಾತ್ರ.
ಅಳುತ್ತಾನೆಂದು ಬಿಚ್ಚಿಟ್ಟರೆ
ಪಾದ ಹಳೆಯ ಗುಟ್ಟಿಗೇ ಮರಳುತ್ತದೆ, ಎಂದರು ಡಾಕ್ಟರ್.
ಬೆರಳಲ್ಲಿ ಲೆಕ್ಕ ಹಾಕಿದೆ:
ನಾಲ್ಕು ವರ್ಷ ಎಂದರೆ ಎರಡು ವೀಸಾ.
ಕಂಪನಿ ಒಂದರ ಮಾತನ್ನೂ ಎತ್ತಿಲ್ಲ.

ರಾತ್ರಿ ಎರಡು. ಹೊರಗೆ ಎ.ಸಿ. ತೊಟ್ಟಿಕ್ಕುತ್ತಿದೆ.
ಎರಡೂ ಕಾಲು ಒಟ್ಟಿಗೆ ಎತ್ತಿ
ಒಟ್ಟಿಗೇ ಕೆಡವಲು ಕಲಿತಿದ್ದಾನೆ.
ತೊಟ್ಟಿಲ ಕಂಬಿಗೆ ಸರಳು, ಟಕ್.
ಸ್ವಲ್ಪ ಬಿಟ್ಟು, ಟಕ್.

ಬೆಳಿಗ್ಗೆ ಮೆಟ್ಟಿಲಲ್ಲಿ ಕೆಳಗಿನ ಮನೆಯ ಬಂಗಾಳಿ ಕೇಳಿದ,
ರಾತ್ರಿಯೂ ಸುತ್ತಿಗೆ ಕೆಲಸವಾ ಭಾಯಿ?
ಹೌದು, ಅಂದೆ.
ನನ್ನದಲ್ಲ, ಮಗನದ್ದು.